ವೈಶಾಖದಲ್ಲಿ ಬಂದ ಗೌರಿ

ಹಿತ್ತಿಲ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಕೊತ್ತಗೆರೆಯ ನಮ್ಮ ಹೊಲದ ಬದುವಿನಲ್ಲಿದ್ದ ಎರಡು ಮರದ ಹಣ್ಣು ಅದು. ಶಿವರಾತ್ರಿ ಕಳೆದ ಮೇಲೆ ಊರಲ್ಲೇ ಇದ್ದ ಮೈದುನನ ಮನೆಯವರು ಮೂಟೆ ಕಟ್ಟಿ ಕುಣಿಗಲ್ ಬಸ್ಸಿನ ಮೇಲೆ ಹಾಕಿ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಕಳಿಸುತ್ತಿದ್ದರು. ಅತ್ತೆ ಬಾಗಿಲ ಹೊಸಿಲ ಮೇಲೆ ಕೂತು ನಾನು ಬಿಡಿಸಿದ್ದರಲ್ಲಿ ಉಳಿದ ಬೀಜಗಳನ್ನು ಹುಡುಕಿ ಹುಡುಕಿ ನನ್ನ ಮುಂದೆ ಎಸೆಯುತ್ತಿದ್ದರು. ಆಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಇಂಜಿನಿಯರ್ ಹೆಂಡತಿ ತಲೆ ಹಾಕಿದಳು.

"ರೀ, ಶಿರಾ ಗೇಟ್ ಹತ್ರ ಲೇಡೀಸ್‌ಗೆ ಮಣ್ಣಿನ ಕ್ಲಾಸು ಶುರು ಆಗುತ್ತಂತೆ ಕಣ್ರೀ. ಕ್ಲೇ ಮಾಡ್ಲಿಂಗು. ದೊಡ್ಡ ಆರ್ಟ್ ಸ್ಕೂಲಲ್ಲಿ ಓದಿದ ಮೇಷ್ಟ್ರು ಬಂದಿದಾರೆ. ನಾನು ಸೇರ್ಕೋತಾ ಇದೀನಿ, ನೀವೂ ಬನ್ನಿ, ಜೊತೆ ಆಗುತ್ತೆ."

ನಾನು ಬಾಯಿ ಬಿಡುವ ಮೊದಲೇ ಅತ್ತೆ ಅಂದರು: "ಮಣ್ ಕಲ್ಸಕ್ಕೂ ಕ್ಲಾಸಾ? ನಮ್ಮೂರಾಗೆ ಎಮ್ಮೆಗಳೂ ಕಲುಸ್ತವೆ ಕಣವ್ವ, ಫೀಸಿಲ್ದಂಗೆ."

ಆಕೆ ನಕ್ಕಳು. ಅತ್ತೆಯ ಮಾತನ್ನು ಹಳ್ಳಿಯವರ ತಮಾಷೆ ಎಂದು ತಿಳಿದು ನಗುವುದು ಆಕೆಯ ಅಭ್ಯಾಸ. ಹೋಗುವಾಗ ಒಂದು ಮಾತು ಹೇಳಿ ಹೋದಳು. ಎರಡೂವರೆ ತಿಂಗಳ ಕ್ಲಾಸು ಮುಗಿದ ಮೇಲೆ, ಎಲ್ಲರಿಗಿಂತ ಚೆನ್ನಾಗಿ ಕಲಿತ ಒಬ್ಬರನ್ನು ಹೆಣ್ಣುಮಕ್ಕಳ ಸ್ಕೂಲೊಂದಕ್ಕೆ ಕ್ರಾಫ್ಟ್ ಟೀಚರ್ ಆಗಿ ತೆಗೆದುಕೊಳ್ಳುತ್ತಾರಂತೆ. ಮೇಷ್ಟ್ರು ಯಾರ ಹೆಸರು ಬರೆದುಕೊಟ್ಟರೆ ಅವರಿಗೆ.

ಆ ಮಾತು ಕೇಳಿದ ಮೇಲೆ ನಾನು ಬಿಡಿಸಿದ ಹಣ್ಣಿನಲ್ಲಿ ಅತ್ತೆಗೆ ಬಹಳ ಬೀಜ ಸಿಕ್ಕವು.

ಯಾಕೆಂದು ಹೇಳಬೇಕು. ನನ್ನ ತವರು ಗುಬ್ಬಿ. ನಮ್ಮ ಮನೆಯಿಂದ ಕೆರೆಗೆ ಹೋಗುವ ದಾರಿಯಲ್ಲಿ ಗೌರಿ ಗಣಪತಿ ಮಾಡುವ ತಾತನ ಮನೆ ಇತ್ತು. ಆಷಾಢ ಬಂತೆಂದರೆ ನಾನು ಸ್ಕೂಲು ಬಿಟ್ಟ ಕೂಡಲೇ ಅಲ್ಲಿ ಹಾಜರು. ಮೊದಲು ಇಲಿ ಮಾಡಲು ಬಿಟ್ಟರು, ಆಮೇಲೆ ಸೊಂಡಿಲು, ಆಮೇಲೆ ಗೌರಿಯ ಕೈಬೆರಳು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಒಂದು ಇಡೀ ಗೌರಿಯನ್ನು ನಾನೇ ಕೂರಿಸುತ್ತಿದ್ದೆ. ಕಣ್ಣು ಮಾತ್ರ ತಾತನೇ ಇಡಬೇಕು. ಮಾಡಿದವೆಲ್ಲ ಸಾಲಾಗಿ ಕುರುಡಾಗಿ ಕೂತಿರುತ್ತಿದ್ದವು. ಕೊನೆಯ ದಿನ ತಾತ ತಲೆಗೆ ನೀರು ಹಾಕಿಕೊಂಡು, ಏನೂ ತಿನ್ನದೆ, ಬಿದಿರಿನ ಸೀಳು ಹಿಡಿದು ಒಂದೊಂದಕ್ಕೂ ಕಣ್ಣು ತೆರೆಯುತ್ತಿದ್ದರು.

"ಅಲ್ಲೀಗಂಟ ಮಣ್ಣು ಮಗ. ಒಡಿ, ತುಳಿ, ಏನಾದ್ರೂ ಮಾಡು. ಕಣ್ಣಿಟ್ ಮ್ಯಾಕೆ ಕೈ ಎತ್ತಂಗಿಲ್ಲ. ಒಳಗೆ ಒಬ್ರು ಬಂದು ಕೂತ್ಕಂಡಿರ್ತಾರೆ."

ಮಕ್ಕಳ ಆಟಕ್ಕೆಂದು ಮಾಡುವ ಗಿಣಿಗೂ ಅದೇ ನೇಮ. ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕೊತ್ತಗೆರೆಗೆ ಹೋದೆ. ಅಲ್ಲಿ ನನ್ನ ಕೈಗೆ ಸಿಕ್ಕ ಮಣ್ಣು ಒಲೆಯ ಮಣ್ಣು ಒಂದೇ. ಒಂದು ಸಲ ಹೊಸ ಒಲೆ ಹಾಕುವಾಗ ಅದರ ಅಂಚಿಗೆ ಒಂದು ಗಿಣಿ ಕೂರಿಸಿದೆ. ಕಣ್ಣಿಡಲಿಲ್ಲ, ದಿನಾ ಬೆಂಕಿಯ ಪಕ್ಕ ಕೂರುವುದಕ್ಕೆ ಯಾಕೆ ಕಣ್ಣು. ಅತ್ತೆ ನೋಡಿ "ಬದ್ಕೋಕೆ ಬಂದವ್ಳೋ ಬೊಂಬೆ ಆಡಕ್ಕೆ ಬಂದವ್ಳೋ" ಎಂದರು. "ಕುರುಡು ಗಿಣಿ" ಎಂದು ಬಂದವರಿಗೆಲ್ಲ ತೋರಿಸಿ ನಕ್ಕರು. ಆದರೆ ನಾನು ಬಾಣಂತನಕ್ಕೆ ಗುಬ್ಬಿಗೆ ಹೋಗಿ ಐದು ತಿಂಗಳು ಬಿಟ್ಟು ಬಂದಾಗ ಗಿಣಿ ಅಲ್ಲೇ ಇತ್ತು. ದಿನಾ ಒಲೆ ಸಾರಿಸುವ ಅತ್ತೆ ಅದಕ್ಕೆ ಕೈ ತಗುಲದ ಹಾಗೆ ಸುತ್ತ ಸಾರಿಸಿದ್ದರು. ಆ ಮನೆಯಲ್ಲಿ ದೇವರು ನನಗೆ ತೋರಿಸಿದ ಮೊದಲ ದಯೆ ಅದೇ ಎಂದು ಇಂದಿಗೂ ಎಣಿಸುತ್ತೇನೆ.

ಆಮೇಲೆ ನಮ್ಮವರಿಗೆ ತುಮಕೂರಿನಲ್ಲಿ ಗುಮಾಸ್ತೆ ಕೆಲಸವಾಯಿತು. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೇ ಬಂದರು. ಗ್ಯಾಸ್ ಒಲೆ ಬಂತು. ಗ್ಯಾಸ್ ಒಲೆಗೆ ಗಿಣಿ ಕೂರಿಸಲಾಗುವುದಿಲ್ಲ. ಹೀಗಿರುವಾಗ ಮಣ್ಣು ಮುಟ್ಟುವುದೇ ಕೆಲಸವಾಗಿ, ಮಕ್ಕಳು ಟೀಚರ್ ಎಂದು ಕರೆಯುವ ಒಂದು ಜಾಗ ಇದೆ ಎಂದು ಯಾರಾದರೂ ಹೇಳಿದರೆ ಹುಣಸೆಹಣ್ಣಿನ ಮೇಲೆ ಗಮನ ಹೇಗೆ ನಿಲ್ಲುತ್ತದೆ? ಆ ಕೆಲಸ ನನಗೆ ಬೇಕಾಗಿತ್ತು. ಮನೆದೇವರ ಮುಂದೆ ನಿಂತು, ಬೇರೆ ಏನೂ ಕೇಳದೆ ಅದೊಂದನ್ನೇ ಕೇಳಿಕೊಂಡೆ.

ನಮ್ಮವರು ಹ್ಞೂಂ ಎಂದರು. ಅವರು ಎಲ್ಲದಕ್ಕೂ ಹ್ಞೂಂ ಎನ್ನುವವರು. ಅದನ್ನೂ ದಯೆಯ ಲೆಕ್ಕಕ್ಕೇ ಸೇರಿಸಬೇಕು.

ಕ್ಲಾಸು ನಡೆದದ್ದು ಶಿರಾ ಗೇಟಿನ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಹನ್ನೊಂದು ಜನ ಹೆಂಗಸರು. ಅವರಲ್ಲಿ ಏಳು ಜನ ಮಣ್ಣಿನ ಕ್ಲಾಸಿಗೆ ರೇಷ್ಮೆ ಅಂಚಿನ ಸೀರೆ ಉಟ್ಟುಕೊಂಡು ಬಂದಿದ್ದರು. ಒಬ್ಬಾಕೆ ಬೆರಳಿನ ಉಂಗುರ ತೆಗೆಯದೆ ಮಣ್ಣು ಮುಟ್ಟಿ, ಆಮೇಲೆ ಉಂಗುರದ ಸಂದಿಯ ಮಣ್ಣನ್ನು ಪಿನ್ನಿನಿಂದ ತೆಗೆಯುವುದರಲ್ಲೇ ಆ ದಿನದ ಕ್ಲಾಸು ಮುಗಿಸಿದಳು. ಪಕ್ಕದ ಮನೆಯಾಕೆಗಂತೂ ಮಣ್ಣಿನ ವಾಸನೆಗೆ ತಲೆನೋವು. ವಾಸನೆ ಆಗದವಳು ಮಣ್ಣಿನ ಕ್ಲಾಸಿಗೆ ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ.

ಇನ್ನು ಮೇಷ್ಟ್ರು. ಉದ್ದ ಕೂದಲು, ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ. ಮಣ್ಣಿಗೆ ಕೈ ಹಾಕುವಾಗಲೂ ಚೀಲ ಹೆಗಲ ಮೇಲೇ. ಇಟ್ಟಿಗೆ ಗೂಡಿನಿಂದ ತರಿಸಿದ ಮಣ್ಣನ್ನು ತೊಟ್ಟಿಯಲ್ಲಿ ನೆನೆಹಾಕಿದ್ದರು. ಮುಟ್ಟಿದರೆ ಬರೀ ಮರಳು, ಕಲ್ಲು. ನಾನು ಸುಮ್ಮನೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸತೊಡಗಿದೆ.

"ಏನ್ ಮಾಡ್ತಾ ಇದೀರಾ ಮೇಡಂ?"

"ಕಲ್ಲು ಆರಿಸ್ತಾ ಇದೀನಿ ಸಾರ್. ಹಿಂಗೇ ಇದ್ರೆ ಒಣಗಿದಾಗ ಬಿರುಕು ಬಿಡುತ್ತೆ."

"ಇದು ಅಡಿಗೆಮನೆ ಅಲ್ಲ. ಇಲ್ಲಿ ಯಾವ್ದೂ ಒಣಗೋದೂ ಇಲ್ಲ. ಶನಿವಾರ ಎಲ್ಲಾ ಒಡೆದು ವಾಪಸ್ ತೊಟ್ಟಿಗೆ. ಆರ್ಟಿಸ್ಟ್ ಆಗ್ಬೇಕು ಅಂದ್ರೆ ಮೊದಲು ಮಾಡಿದ್ದನ್ನ ಒಡಿಯೋದು ಕಲೀಬೇಕು."

ಹೆಂಗಸರೆಲ್ಲ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಹತ್ತಿರ ಪುಸ್ತಕವಿರಲಿಲ್ಲ. ಮಾಡಿದ ಅನ್ನ ಮೂರು ಹೊತ್ತೂ ಖಾಲಿಯಾಗುವ ಮನೆಯಿಂದ ಬಂದವಳಿಗೆ ಇದನ್ನು ಇನ್ನೊಬ್ಬರು ಬರೆಸಬೇಕಾಗಿರಲಿಲ್ಲ.

ಮುಂದಿನ ವಾರ ನಮ್ಮಣ್ಣ ಗುಬ್ಬಿ ಕೆರೆಯ ಅಂಗಳದಿಂದ ಒಂದು ಮೂಟೆ ಜೇಡಿಮಣ್ಣು ತಂದುಕೊಟ್ಟ. ನನ್ನ ಕೆಲಸವೆಲ್ಲ ಅದರಲ್ಲೇ. ಮೇಷ್ಟ್ರು ಬಂದು ಬೆರಳಿನಿಂದ ಒತ್ತಿ ನೋಡಿ "ಪರವಾಗಿಲ್ಲ" ಎಂದರು. ಮಾರನೆಯ ದಿನದಿಂದ ತಮ್ಮ ಕೆಲಸಕ್ಕೂ ನನ್ನ ಮೂಟೆಯಿಂದಲೇ ತೆಗೆದುಕೊಂಡರು. ಕೇಳಲಿಲ್ಲ.

ಅವರಿಂದ ಕಲಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಲಗೆಯ ಮೇಲೆ ಕೋಲು ನೆಟ್ಟು, ಅದಕ್ಕೆ ತಂತಿ ಸುತ್ತಿ, ಅದರ ಮೇಲೆ ಮಣ್ಣು ಹೊದಿಸಿ ನಿಜವಾದ ತಲೆಯಷ್ಟೇ ದೊಡ್ಡ ತಲೆ ಮಾಡುವುದು ತಾತನಿಗೆ ಗೊತ್ತಿರಲಿಲ್ಲ. ಚರ್ಮದ ಕೆಳಗೆ ಮೂಳೆ ಎಲ್ಲಿದೆ, ನಕ್ಕರೆ ಕೆನ್ನೆಯ ಯಾವ ಜಾಗ ಏಳುತ್ತದೆ, ಇದೆಲ್ಲ ಮೇಷ್ಟ್ರು ಹೇಳಿದ್ದು. ಹೇಳುವಾಗ ಮನುಷ್ಯ ಚೆನ್ನಾಗಿಯೇ ಇರುತ್ತಿದ್ದರು. ಹೇಳಿ ಮುಗಿದ ಮೇಲೆ ತಾವು ಹೇಳಿದ್ದನ್ನು ತಾವೇ ಮೆಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರಲ್ಲ, ಅದನ್ನು ಸಹಿಸುವುದು ಕಷ್ಟ. ಕೆಳಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನನ್ನ ತಲೆಗಳಿಗೆ ಕಣ್ಣಿರುತ್ತಿರಲಿಲ್ಲ. ಮೂಗು, ತುಟಿ, ಕಿವಿಯ ಹಾಲೆ ಎಲ್ಲ ಮುಗಿಸಿ ಕಣ್ಣಿನ ಜಾಗದಲ್ಲಿ ಬರೀ ಉಬ್ಬು ಬಿಟ್ಟು ಕೈ ತೊಳೆಯುತ್ತಿದ್ದೆ. ಶನಿವಾರ ತೊಟ್ಟಿಗೆ ಹಾಕುವ ಮುಖಕ್ಕೆ ಕಣ್ಣು ತೆರೆಯಲು ಕೈ ಏಳುತ್ತಿರಲಿಲ್ಲ.

"ಮತ್ತೆ ಕುರುಡಿ!" ಎನ್ನುತ್ತಿದ್ದರು ಮೇಷ್ಟ್ರು. "ಮೇಡಂ, ಇದು ಪೋರ್ಟ್ರೇಟಾ ಬೂದುಗುಂಬಳಾನಾ?"

"ಒಡೆಯೋದಕ್ಕೆ ಕಣ್ಣು ಇಡಬಾರ್ದು ಸಾರ್."

"ಯಾರ್ ಹೇಳಿದ್ದು?"

"ನಮ್ಮೂರ ತಾತ."

"ಓಹೋ. ಯಾವ ಕಾಲೇಜಂತೆ ಆ ತಾತಂದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕೆಲಸ ಬೇಕಾಗಿತ್ತಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಯಾರ ಕೈ ಏನೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಒಂದು ದಿನ ಮೇಷ್ಟ್ರು ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ನಿಮಗೆ ಕೈ ಇದೆ. ತಲೆ ಇಲ್ಲ, ಅದು ಬೇರೆ ವಿಷಯ. ಆ ಸ್ಕೂಲಿನ ಪೋಸ್ಟಿಗೆ ನಿಮ್ಮ ಹೆಸರೇ ಬರೀತೀನಿ. ಕೊನೆಯ ಪೀಸು ಪ್ಲಾಸ್ಟರ್‌ನಲ್ಲಿ ಆಗ್ಬೇಕು, ಸ್ಕೂಲಿನ ಕಮಿಟಿಯೋರು ಅದನ್ನೇ ನೋಡೋದು. ಕಣ್ಣು ಇರಬೇಕು, ಗೊತ್ತಾಯ್ತಾ?"

ಪ್ಲಾಸ್ಟರ್ ಎಂದರೆ ನಾನು ತಿಳಿದುಕೊಂಡದ್ದು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ. ಮರದ ಅಚ್ಚಿಗೆ ಪಾಕ ಹೊಯ್ದು ಬಿಡಿಸಿದರೆ ಸಕ್ಕರೆಯ ಆನೆ ಈಚೆ ಬರುತ್ತದೆ, ಅಚ್ಚಿಗೆ ಏನೂ ಆಗುವುದಿಲ್ಲ, ಮುಂದಿನ ವರ್ಷಕ್ಕೆ ಎತ್ತಿಡುತ್ತೇವೆ. ಹಾಗೇ ನನ್ನ ಮಣ್ಣಿನ ಮುಖದ ಮೇಲೆ ಪ್ಲಾಸ್ಟರ್ ಹಾಕಿ ಬಿಡಿಸಿಕೊಳ್ಳುತ್ತಾರೆ, ಪ್ಲಾಸ್ಟರಿನದು ಕಮಿಟಿಗೆ, ಮಣ್ಣಿನದು ನನಗೆ. ಹೀಗೆ ಲೆಕ್ಕ ಹಾಕಿ, ಒಡೆಯದ ಮುಖ ಒಂದಾದರೂ ಸಿಕ್ಕಿತಲ್ಲ ಎಂದು ಗೌರಿಯ ತಲೆ ಮಾಡಲು ಕೂತೆ.

"ದೇವ್ರಾ?" ಎಂದರು ಮೇಷ್ಟ್ರು. "ಆಯ್ತು. ಒಬ್ಬಳು ಹೆಂಗಸು ಅಂದ್ಕೊಂಡು ಮಾಡಿ."

ಹೆಂಗಸೆಂದೇ ಮಾಡಿದೆ. ತಿದ್ದಿದ ಹುಬ್ಬು, ಬೈತಲೆಬೊಟ್ಟು, ತುಂಬಿದ ಕೆನ್ನೆ. ತವರಿಗೆ ಹೊರಟವಳ ಮುಖ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಎಡಕ್ಕೆ ಪಕ್ಕದ ಮನೆಯಾಕೆ ತನ್ನ ಮಗನ ತಲೆ ಮಾಡುತ್ತಿದ್ದಳು. ಹುಡುಗನನ್ನು ನಾನು ದಿನಾ ನೋಡುತ್ತೇನೆ, ಚೆನ್ನಾಗಿಯೇ ಇದ್ದಾನೆ. ಆ ತಲೆ ಮಾತ್ರ ಬೇಯಿಸಿದ ಗೆಣಸಿನ ಹಾಗಿತ್ತು.

ಕಣ್ಣನ್ನು ಪ್ಲಾಸ್ಟರ್ ಹಾಕುವ ದಿನ ಬೆಳಿಗ್ಗೆ ಇಡೋಣವೆಂದಿದ್ದೆ. ಅಷ್ಟು ತಾಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗುರುವಾರ ಆಕೆ ಬಗ್ಗಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಎಷ್ಟ್ ಚೆನ್ನಾಗಿ ಮಾಡಿದೀರಿ! ಪಾಪ, ಕಣ್ಣು ಒಂದು ಬರಲ್ಲ ಅನ್ಸುತ್ತೆ ನಿಮ್ಗೆ. ಅದಕ್ಕೇ ತಾತಂದು ಕಥೆ ಹೇಳ್ತೀರಾ ಅಂತ ಇವರೆಲ್ಲಾ ಮಾತಾಡ್ಕೋತಾ ಇದ್ರು."

ಮಾರನೆಯ ದಿನ ಶುಕ್ರವಾರ. ತಲೆಗೆ ನೀರು ಹಾಕಿಕೊಂಡು, ಒಂದು ಲೋಟ ಕಾಫಿಯನ್ನೂ ಕುಡಿಯದೆ, ಕುಂಕುಮದ ಭರಣಿ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ನೇಮಕ್ಕೆ ನೇಮವೆಲ್ಲ ಸರಿ ಇತ್ತು. ಮನಸ್ಸಿನಲ್ಲಿ ಮಾತ್ರ ಗೌರಿ ಇರಲಿಲ್ಲ, ಪಕ್ಕದ ಮನೆಯಾಕೆ ಇದ್ದಳು. ಅವಳಿಗೆ ತೋರಿಸಬೇಕೆಂದೇ ಬಿದಿರಿನ ಸೀಳು ಹಿಡಿದೆ. ನನ್ನ ಬಗ್ಗೆಯೂ ನಾನು ಹೇಳಲೇಬೇಕಲ್ಲ.

ಎಡಗಣ್ಣು, ಬಲಗಣ್ಣು. ರೆಪ್ಪೆಯ ಕೆಳಗೆ ಒಂದು ಗೆರೆ, ಗುಡ್ಡೆಯ ನಡುವೆ ಒಂದು ಗುಳಿ. ಹಣೆಗೆ ಕುಂಕುಮ ಇಟ್ಟು ಹಿಂದೆ ಸರಿದೆ. ಉಂಗುರದಾಕೆ ಮೆಲ್ಲಗೆ ಚಪ್ಪಲಿ ಬಿಟ್ಟಳು. ಮೇಷ್ಟ್ರು ಬಂದವರು ಒಂದು ಗಳಿಗೆ ಹೆಗಲ ಚೀಲ ಇಳಿಸಿ ನಿಂತರು. ಗೌರಿ ನನ್ನನ್ನೇ ನೋಡುತ್ತಿದ್ದಳು. ಯಾರಿಗೆ ತೋರಿಸಲು ಕರೆದೆ ನನ್ನನ್ನು ಎಂದು ಕೇಳಿದ ಹಾಗಿತ್ತು.

"ಗುಡ್" ಎಂದರು ಮೇಷ್ಟ್ರು. "ಸೋಮವಾರ ಕಾಸ್ಟಿಂಗ್. ಎಲ್ಲರೂ ಬಟ್ಟೆಗೆ ಹಾಕೋ ನೀಲಿ ತನ್ನಿ."

"ನೀಲಿ ಯಾಕೆ ಸಾರ್?" ಎಂದೆ.

"ಪ್ಲಾಸ್ಟರಿನ ಮೊದಲನೇ ಪದರಕ್ಕೆ ನೀಲಿ ಬೆರೆಸ್ತೀವಿ, ಆಮೇಲೆ ಬಿಳೀದು. ಗಟ್ಟಿ ಆದ್ಮೇಲೆ ಎರಡು ಹೋಳು ಮಾಡಿ, ಒಳಗಿರೋ ಮಣ್ಣನ್ನೆಲ್ಲ ಚಮಚದಲ್ಲಿ ಕೆತ್ತಿ ತೆಗೆದು, ಖಾಲಿ ಜಾಗಕ್ಕೆ ಹೊಸ ಪ್ಲಾಸ್ಟರ್ ಹುಯ್ಯೋದು. ಮೇಲಿಂದು ಒಡೀತಾ ಬಂದಾಗ ನೀಲಿ ಕಾಣಿಸಿದ್ರೆ ಮುಖ ಹತ್ರ ಬಂತು ಅಂತ ಅರ್ಥ."

"ಮಣ್ಣಿನ ಮುಖ ಏನಾಗುತ್ತೆ ಸಾರ್?"

"ಏನಾಗುತ್ತೆ? ಹೋಗುತ್ತೆ. ತೊಟ್ಟಿಗೆ."

ಮನೆಗೆ ಬಂದು ಹೇಳಿದೆ. ಅತ್ತೆ ಸಂಡಿಗೆಗೆ ಬೂದುಗುಂಬಳ ತುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಕಣ್ಣಿಡಕ್ಕೆ ಏನಮ್ಮಿ ಅರ್ಜೆಂಟಿತ್ತು ನಿಂಗೆ? ಹೆಣ್ಣು ನೋಡಕ್ಕೆ ಬಂದಿದ್ರಾ ಅವ್ಳನ್ನ?"

ನಮ್ಮವರು ಪೇಪರಿನ ಹಿಂದಿನಿಂದಲೇ ಅಂದರು: "ಅದಕ್ಕ್ಯಾಕೆ ಇಷ್ಟು ಯೋಚ್ನೆ? ಕೊಟ್ಟುಬಿಡು. ಭಾದ್ರಪದಕ್ಕೆ ಇನ್ನೊಂದು ಮಾಡ್ಕೊಂಡ್ರಾಯ್ತು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ತಾಪತ್ರಯ. ಕೆಲಸವೂ ಬೇಕು, ಗೌರಿಯೂ ಕೆಡಬಾರದು. ಯೋಚಿಸಿ ಯೋಚಿಸಿ ಒಂದು ದಾರಿ ಹೊಳೆಯಿತು. ತೆರೆದ ಕಣ್ಣನ್ನು ಮತ್ತೆ ಮುಚ್ಚಬಹುದೇ? ಅದಕ್ಕೂ ಏನೋ ಒಂದು ಶಾಸ್ತ್ರ ಇರಬೇಕು. ಇದ್ದರೆ ಅದು ಒಬ್ಬರಿಗೇ ಗೊತ್ತಿರಬೇಕು. ಭಾನುವಾರ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ.

ತಾತ ಜಗಲಿಯ ಮೇಲೆ ಕೂತಿದ್ದರು. ಹಲ್ಲು ಹೋಗಿತ್ತು, ಕೈ ನಡುಗುತ್ತಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ "ಇಲಿಗೆ ಮೂರು ಕಿವಿ ಇಟ್ಟಿದ್ದೋಳಲ್ವಾ ನೀನು" ಎಂದರು. ಬಾಳೆಹಣ್ಣು ಅವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಗೌರಿಯ ಕಣ್ಣು ಮುಚ್ಚಲು ಏನು ಮಾಡಬೇಕು ತಾತ, ಯಾವ ನೇಮ, ಎಷ್ಟು ದಿನ ಉಪವಾಸ ಎಂದು ಕೇಳಿದೆ.

ತಾತ ನನ್ನ ಮುಖವನ್ನೇ ನೋಡಿದರು. "ಒದ್ದೆ ಬಟ್ಟೆ ತಗಂಡು ಒರ್ಸು. ಹೋಯ್ತದೆ."

"ಅಷ್ಟೇನಾ?"

"ಮತ್ತಿನ್ನೇನು? ಮಣ್ಣು ಕಣವ್ವ ಅದು. ಗಿರಾಕಿ ಬೇಡ ಅಂದ್ರೆ ನಾನೂ ಒಡ್ದಿದೀನಿ, ಕಣ್ಣಿಟ್ಟಿದ್ದನ್ನೇ."

"ಕಣ್ಣಿಟ್ ಮೇಲೆ ಒಳಗೆ ಒಬ್ರು ಬರ್ತಾರೆ ಅಂತಿದ್ರಿ ತಾತ."

"ಅಂತಿದ್ದೆ." ಬೊಚ್ಚುಬಾಯಲ್ಲಿ ನಕ್ಕರು. "ನೀವು ಹುಡ್ಗೀರು ಸುಮ್ಕಿರ್ತಿದ್ರಾ? ಹಸೀದು ಕಂಡ್ರೆ ಸಾಕು, ಬೆರಳು ಚುಚ್ಚೋರು. ನಾಳೆ ಹಬ್ಬ, ನಾನ್ ಮತ್ತೆ ಮಾಡಕ್ಕಾಗ್ತದಾ? ಅದ್ಕೇ ಹಂಗೆ ಹೆದ್ರುಸ್ತಿದ್ದೆ."

ವಾಪಸ್ ಬರುವ ಬಸ್ಸಿನಲ್ಲಿ ಕೊಬ್ಬರಿ ಮೂಟೆಗಳ ನಡುವೆ ಕೂತು ತಾತನನ್ನು ಮನಸಾರೆ ಬೈದುಕೊಂಡೆ. ಮೇಷ್ಟ್ರಾದರೂ ಓದಿ ಕೆಟ್ಟವರು. ಈ ಮನುಷ್ಯ ಮಕ್ಕಳು ಬೆರಳು ಚುಚ್ಚದಿರಲಿ ಎಂದು ಆಡಿದ ಒಂದು ಮಾತಿಗೆ ನಾನು ಹದಿನೈದು ವರ್ಷ ನಡೆದುಕೊಂಡೆ. ಒಲೆಯ ಗಿಣಿಗೂ ಕಣ್ಣಿಡದೆ ಬಿಟ್ಟೆ. ಹೆಗ್ಗೆರೆ ದಾಟುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು: ಹಾಗಾದರೆ ಒಳ್ಳೆಯದೇ ಆಯಿತು. ಒರೆಸುತ್ತೇನೆ, ಮೇಷ್ಟ್ರಿಗೆ ಕೊಡುತ್ತೇನೆ, ಕೆಲಸಕ್ಕೆ ಸೇರುತ್ತೇನೆ. ಮೇಷ್ಟ್ರೇ ಪ್ಲಾಸ್ಟರಿನ ಮುಖಕ್ಕೆ ಬೇಕಾದರೆ ಕಣ್ಣು ಕೆತ್ತಿಕೊಳ್ಳಲಿ.

ಸೋಮವಾರ ಹೋದಾಗ ಕೋಣೆಯ ತುಂಬ ಬಿಳಿ ಪುಡಿ. ಮೇಷ್ಟ್ರು ಬಕೆಟ್ಟಿನಲ್ಲಿ ನೀಲಿ ಕಲಸುತ್ತಿದ್ದರು. ನಾಲ್ಕು ಚಿಟಿಕೆ ಸಾಕಾಗುವ ಕಡೆ ಒಂದು ಇಡೀ ಪೊಟ್ಟಣ ಸುರಿದಿದ್ದರು. ಜೀವನದಲ್ಲಿ ಒಂದು ಬನಿಯನ್ನನ್ನಾದರೂ ತಾವೇ ಒಗೆದುಕೊಂಡವರು ಹಾಗೆ ಮಾಡುವುದಿಲ್ಲ. ಗೆಣಸಿನ ತಲೆಗೆ ಆಗಲೇ ನೀಲಿ ಬಳಿದಾಗಿತ್ತು.

ನಾನು ಗೌರಿಯ ಮೇಲಿದ್ದ ಒದ್ದೆ ಬಟ್ಟೆ ತೆಗೆದು, ಅದರ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಎಡಗಣ್ಣಿನ ಹತ್ತಿರ ತಂದೆ. ಮೂರು ದಿನದಿಂದ ಬಟ್ಟೆಯೊಳಗೆ ಇದ್ದವಳು. ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಮಣ್ಣು, ಮಣ್ಣು ಎಂದು ಹೇಳಿಕೊಂಡೆ. ತಾತನೇ ಹೇಳಿದ್ದಾರೆ ಎಂದುಕೊಂಡೆ. ಬೆರಳು ಇಳಿಯಲಿಲ್ಲ. ತಾತ ಸುಳ್ಳು ಹೇಳಿದ್ದರು, ಸರಿ. ನಾನು ಶುಕ್ರವಾರ ಕುಂಕುಮ ಇಟ್ಟದ್ದು ಸುಳ್ಳಲ್ಲವಲ್ಲ. ಯಾವ ಬುದ್ಧಿಯಿಂದಲಾದರೂ ಇರಲಿ, ಬಾ ತಾಯಿ ಎಂದು ಕರೆದವಳು ನಾನು. ಕರೆದು ಕೂರಿಸಿ, ಈಗ ಕೆಲಸ ಸಿಗುತ್ತದೆಂದು ಮುಖಕ್ಕೆ ಚಮಚ ಹಾಕಿಸುವುದೇ?

"ಏನ್ ಮೇಡಂ, ಬೇಗ. ಪ್ಲಾಸ್ಟರ್ ಗಟ್ಟಿ ಆಗ್ತಾ ಇದೆ."

"ನಂದು ಬೇಡ ಸಾರ್."

"ಬೇಡ ಅಂದ್ರೆ?"

"ಮನೆಗೆ ತಗೊಂಡು ಹೋಗ್ತೀನಿ."

ಮೇಷ್ಟ್ರ ಕೈಯಿಂದ ನೀಲಿ ತೊಟ್ಟಿಕ್ಕುತ್ತಿತ್ತು. "ತಲೆ ಕೆಟ್ಟಿದೆಯಾ? ಪ್ಲಾಸ್ಟರ್ ಇಲ್ದೆ ಸ್ಕೂಲಿಗೆ ಏನ್ ತೋರಿಸ್ಲಿ? ನಿಮ್ಮ ಹೆಸರು ಬರೆಯೋದಕ್ಕಾಗಲ್ಲ."

"ಬರೀಬೇಡಿ ಸಾರ್."

"ಇದಕ್ಕೇ ನಾನು ಹೇಳೋದು. ಕೈ ಇದ್ರೆ ಸಾಲ್ದು. ಈ ಪೂಜೆ, ಪುನಸ್ಕಾರ, ಅಡಿಗೆಮನೆ ಬುದ್ಧಿ ಬಿಡೋವರೆಗೂ ನೀವು ಯಾರೂ ಕಲಾವಿದರಾಗಲ್ಲ." ಆಮೇಲೆ ನೆನಪಾಯಿತು: "ಹಲಗೆ ಕ್ಲಾಸಿಂದು!"

"ಮಣ್ಣು ನಮ್ಮೂರಿಂದು ಸಾರ್. ಹಲಗೆ ತೊಳೆದು ತಂದ್ಕೊಡ್ತೀನಿ. ನೀವು ತಗೊಂಡ ಮಣ್ಣು ಇಟ್ಕೊಳ್ಳಿ."

ಉಂಗುರದಾಕೆ ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ. ಸೈಕಲ್ ಅಂಗಡಿಯವನು ಜಟಕಾ ಕರೆದ. ಆ ಹೆಂಗಸನ್ನು ಅದುವರೆಗೂ ಬಹಳ ಹೀನಾಯವಾಗಿ ಕಂಡಿದ್ದೆ. ಆ ಮೆಟ್ಟಿಲು ಇಳಿಯುವಾಗ ಆಕೆಯ ಸೀರೆಯೆಲ್ಲ ಕೆಸರಾಯಿತು, ಹಿಡಿದ ಕೈ ಬಿಡಲಿಲ್ಲ. ಆ ಕೋಣೆಯಲ್ಲಿ ಒಬ್ಬರಾದರೂ ಇದ್ದರಲ್ಲ, ಅಷ್ಟು ಸಾಕು. ಜಟಕಾದವನು ನನ್ನ ಮಡಿಲಲ್ಲಿದ್ದದ್ದನ್ನು ತಿರುಗಿ ತಿರುಗಿ ನೋಡಿ, ಕೊನೆಗೆ ಕುದುರೆಯನ್ನು ನಡೆಸಿಕೊಂಡೇ ಹೋದ, ಓಡಿಸಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ನನ್ನನ್ನಲ್ಲ, ಅವಳನ್ನು.

"ಭಾದ್ರಪದ್ದಾಗೆ ಬರೋಳು ವೈಶಾಖ್ದಲ್ಲೇ ಬಂದವ್ಳೆ. ಅದೇನ್ ಹೊಟ್ಟೆಕಿಚ್ಚು ಕಿತ್ಕಂಡಿತ್ತೋ ನಿಂಗೆ, ಅವ್ಳನ್ನ ಬಿಸ್ಲಲ್ಲಿ ಕರುಸ್ದೆ." ಬೈಯುತ್ತಲೇ ಒಳಗೆ ಹೋಗಿ ಮಣೆ ತಂದು ಹಾಕಿದರು. ರಂಗೋಲಿ ಎಳೆದವರೂ ಅವರೇ. "ನಿಂತ್ಕಂಡ್ ಏನ್ ನೋಡ್ತೀಯಾ? ಬಂದ್ ಹೆಣ್ಮಗ್ಳಿಗೆ ತಿನ್ನಕ್ಕೇನಾದ್ರೂ ಮಾಡು."

ಹೆಸರುಬೇಳೆ ಪಾಯಸ ಮಾಡಿದೆ. ಎರಡು ದಿನ ಇದ್ದಳು ಗೌರಿ. ಹೂವಿಗೆ ಬರವಿರಲಿಲ್ಲ, ಮಲ್ಲಿಗೆಯ ಕಾಲ. ನಮ್ಮವರು ಆಫೀಸಿನಿಂದ ಬಂದವರು ಚಪ್ಪಲಿ ಬಿಟ್ಟು, ಬಹಳ ಹೊತ್ತು ನೋಡಿ, "ಇದನ್ನ ನೀನೇ ಮಾಡಿದ್ದಾ?" ಎಂದರು. ಮದುವೆಯಾದ ಮೇಲೆ ಅವರು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಉಪ್ಪಿಗೆ, ಸಾರಿಗೆ ಸಂಬಂಧವಿಲ್ಲದ್ದು ಅದೊಂದೇ ಇರಬಹುದು.

ಬಿಡುವುದೆಲ್ಲಿ? ಬೇಸಿಗೆ, ಹಿತ್ತಿಲ ಬಾವಿಯಲ್ಲಿ ನೀರು ತಳ ಕಂಡಿತ್ತು. ನಲ್ಲಿ ಎರಡು ದಿನಕ್ಕೊಮ್ಮೆ. ಅತ್ತೆಯೇ ತೀರ್ಮಾನ ಮಾಡಿದರು. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಹಿತ್ತಿಲಲ್ಲಿ ಇಟ್ಟು, ಮನೆಯಲ್ಲಿದ್ದ ನೀರನ್ನೆಲ್ಲ ತುಂಬಿದೆವು. ಆರತಿ ಎತ್ತಿ ಅವಳನ್ನು ಹಲಗೆ ಸಮೇತ ತಲೆಕೆಳಗಾಗಿ ಇಳಿಸಿದೆವು. ಸಂಜೆಗೆ ಎತ್ತಿದರೆ ಹಲಗೆ, ಕೋಲು, ತಂತಿಯ ಸುರುಳಿ.

"ಇದೇನಮ್ಮಿ, ಗೌರಿ ತಲೆ ಒಳಗೆ ಕೋಳಿಗೂಡು?" ಎಂದರು ಅತ್ತೆ. "ಇದಾ ನಿಮ್ ಮೇಷ್ಟ್ರು ಕಲ್ಸಿದ್ದು?"

ಕೆಸರುನೀರನ್ನು ಕರಿಬೇವಿನ ಬುಡಕ್ಕೆ ಹೊಯ್ದೆವು. ಮಾರನೆಯ ದಿನ ಮನೆಯಲ್ಲಿ ಯಾರಿಗೂ ಸ್ನಾನವಿರಲಿಲ್ಲ. ಆ ದಿನ ನಲ್ಲಿ ಬರುವ ಸರದಿಯಲ್ಲ. ಆದರೂ ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಯಾಕೆ ಬಂತೆಂದು ನಾನು ವಿಚಾರಿಸಲು ಹೋಗಲಿಲ್ಲ, ಕೊಡಗಳನ್ನು ಇಟ್ಟೆ.

ಹಲಗೆ ತೊಳೆದು ಒರೆಸಿ ಹಿಂದಿರುಗಿಸಿದೆ. ಆ ಕೆಲಸ ಪಕ್ಕದ ಮನೆಯಾಕೆಗೆ ಸಿಕ್ಕಿತು. ಬೇರೆ ಯಾರ ಪ್ಲಾಸ್ಟರೂ ಸರಿಯಾಗಿ ಬಿಟ್ಟುಕೊಳ್ಳಲಿಲ್ಲವಂತೆ. ನೀಲಿ ಹೆಚ್ಚಾಗಿ ಮುಖಗಳೆಲ್ಲ ನೀಲಿಯಾಗಿ ಬಂದವಂತೆ. ಗೆಣಸಿನ ತಲೆಯನ್ನು ಸುಣ್ಣ ಬಳಿದು ಸ್ಕೂಲಿನ ಗಾಜಿನ ಬೀರುವಿನಲ್ಲಿ ಇಟ್ಟರು. ಆಕೆ ಅಲ್ಲಿ ಹುಡುಗಿಯರಿಗೆ ಕಾಗದದ ಹೂವು ಮಾಡುವುದನ್ನು ಹೇಳಿಕೊಡುತ್ತಿದ್ದಳು. ಮಣ್ಣಿನ ವಾಸನೆಗೆ ತಲೆನೋವಲ್ಲವೇ. ನಾನು ಅತ್ತಿಲ್ಲವೆಂದು ಹೇಳುವುದಿಲ್ಲ. ಆ ಸುದ್ದಿ ಹೇಳಲು ಆಕೆ ಕಾಂಪೌಂಡಿನ ಮೇಲೆ ತಲೆ ಹಾಕಿದಾಗ ಮಾತ್ರ ಅಳಲಿಲ್ಲ. ಒಳ್ಳೆಯದಾಯ್ತು ಕಣ್ರೀ, ಸ್ವೀಟ್ ತನ್ನಿ ಎಂದೆ.

ಆಕೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅತ್ತೆ ಒಳಗಿನಿಂದ ಕೂಗಿದರು: "ಆ ಟೀಚರ್ರಮ್ಮನ್ ಬುಡು ಅತ್ಲಾಗೆ. ಒಲೆ ಅಂಚ್ಗೆ ಏನಾದ್ರೂ ಮಾಡ್ಕೊಡು ಅಂತ ಕೊತ್ತಗೆರೆಯಿಂದ ನಿನ್ ಮೈದ್ನನ್ ಮನೆಯೋರು ಹೇಳಿ ಕಳ್ಸವ್ರೆ, ಹೊಸ ಒಲೆ ಹಾಕ್ತಾರಂತೆ. ಹೋಗ್ಬುಟ್ ಬಾ ಬೇಸ್ತ್ವಾರಕ್ಕೆ." ಅದರ ಹಿಂದೆಯೇ ಇನ್ನೊಂದು ಮಾತು: "ಈ ಸಲ ಗಿಣಿಗೆ ಕಣ್ಣಿಕ್ಕು. ಕುರುಡುನ್ ನೋಡಿ ಸಾಕಾಗದೆ."

ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಬೂದುಗುಂಬಳದ ಸಂಡಿಗೆ ಇಟ್ಟಿದ್ದೆ. ಒಂದು ಮಗ್ಗುಲು ಒಣಗಿತ್ತು. ಕಾಗೆ ಮುಟ್ಟುವ ಮೊದಲು ಹೋಗಿ, ಕೂತುಕೊಂಡು, ಒಂದೊಂದಾಗಿ ತಿರುವಿ ಹಾಕಿದೆ.